ಘಡಿ ಮುರಿದವರು ಯಾರು?

ನನ್ನ ಸೊಸೆಯ ಫೋನಿನಲ್ಲಿ ತಲೆಯಿಲ್ಲದ ಹೆಂಗಸರು ಬಹಳ ಇದ್ದಾರೆ. ಮೊದಲ ಸಲ ನೋಡಿದಾಗ ಹೌಹಾರಿ ಫೋನನ್ನು ಹಾಸಿಗೆಯ ಮೇಲೆ ಒಗೆದುಬಿಟ್ಟೆ. ಒಬ್ಬಳು ನೀಲಿ ಸೀರೆ ಉಟ್ಟು ನಿಂತಿದ್ದಾಳೆ, ಇನ್ನೊಬ್ಬಳು ಸೆರಗನ್ನು ಕೈಮೇಲೆ ಹರವಿಕೊಂಡಿದ್ದಾಳೆ, ಮತ್ತೊಬ್ಬಳು ನಡುವಿನ ಮೇಲೆ ಕೈಯಿಟ್ಟುಕೊಂಡು ಠೀವಿ ಮಾಡುತ್ತಿದ್ದಾಳೆ. ಕುತ್ತಿಗೆಯಿಂದ ಮೇಲೆ ಯಾರಿಗೂ ಏನೂ ಇಲ್ಲ. ಯಾವುದೋ ಖೂನಿಯ ಸುದ್ದಿ ಇರಬೇಕು ಅಂದುಕೊಂಡೆ.

"ಅತ್ತಿ, ಅದು ಉಟ್ಟ ಸೀರಿ ಮಾರೂ ಗ್ರೂಪ್ ಐತ್ರಿ. ಮಾರಿ ಕಾಣಬಾರ್ದಂತ ಕಟ್ ಮಾಡಿರ್ತಾರ," ಎಂದಳು ಸೊಸೆ ಸುವರ್ಣಾ.

ಆಗ ತಿಳಿಯಿತು. ಉಟ್ಟು ಬಿಟ್ಟ ಸೀರೆಯನ್ನು ಊರಿಗೆಲ್ಲ ತೋರಿಸಲು ನಾಚಿಕೆಯಿಲ್ಲ. ಉಟ್ಟವಳು ತಾನೇ ಎಂದು ತೋರಿಸಲು ಮಾತ್ರ ನಾಚಿಕೆ.

ಈಗ ನಮ್ಮ ಮನೆಯೂ ಆ ಬಜಾರಿನಲ್ಲಿ ಒಂದು ಅಂಗಡಿ. ಸುವರ್ಣಾ ಚಿಕ್ಕೋಡಿಯ ಒಂದು ಪತ್ತಿನ ಸಂಘದಲ್ಲಿ ನೌಕರಿ ಮಾಡುತ್ತಾಳೆ. ಅವಳ ಕಪಾಟು ತೆರೆದರೆ ಸೀರೆಗಳು ಮೈಮೇಲೆ ಬೀಳುತ್ತವೆ. ಅವನ್ನು ಮಾರಲೆಂದೇ ಒಂದು ಹಳೆಯ ಫೋನನ್ನು ಬೇರೆ ಇಟ್ಟಿದ್ದಾಳೆ. ಅವಳು ಆಫೀಸಿಗೆ ಹೋದ ಮೇಲೆ ಅದು ನನ್ನ ಕೊರಳಿಗೆ. ಯಾರಾದರೂ ಫೋನು ಮಾಡಿದರೆ ಏನು ಹೇಳಬೇಕು ಎಂಬುದನ್ನು ನನಗೆ ಗಿಣಿಗೆ ಕಲಿಸಿದಂತೆ ಕಲಿಸಿದ್ದಾಳೆ: ಹೌದ್ರಿ, ಐತ್ರಿ, ಕಳಸ್ತೀವ್ರಿ. "ಇದರ ಮ್ಯಾಲೆ ಒಂದ ಮಾತೂ ಆಡಬ್ಯಾಡ್ರಿ, ಅತ್ತಿ. ನಿಮ್ಮ ಬಾಯಿ ಬಂದ್ರ ಗಿರಾಕಿ ಹೋಗ್ತಾವ." ನಾನು ಶಾಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು. ಆದರೆ ಮೂರು ಮಾತಿನಲ್ಲಿ ಸಂಸಾರ ನಡೆಸುವ ವಿದ್ಯೆಯನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ.

ಅಕ್ಷರ ಕೂಡಿಸಿಕೊಂಡು ಓದಬಲ್ಲೆನಾದ್ದರಿಂದ ಸೀರೆಯ ಕೆಳಗೆ ಬರೆದದ್ದನ್ನೂ ಓದುತ್ತೇನೆ. ಅಲ್ಲಿ 'ಹಳೆಯದು' ಎಂಬ ಮಾತೇ ಇಲ್ಲ. 'ಪ್ರೀ-ಲವ್ಡ್' ಅಂತೆ. ಹಾಗೆಂದರೇನು ಎಂದು ಕೇಳಿದೆ. ಮೊದಲೇ ಯಾರೋ ಪ್ರೀತಿ ಮಾಡಿದ್ದು ಎಂದು ಅರ್ಥವಂತೆ. ಪ್ರೀತಿ ಇದ್ದಿದ್ದರೆ ಮಾರುತ್ತಿದ್ದಳೇನು? ನಮ್ಮ ಕಾಲದಲ್ಲಿ ಬೇಸರ ಬಂದ ಅರಿವೆಯನ್ನು ಒರಸುಬಟ್ಟೆ ಮಾಡುತ್ತಿದ್ದೆವು. ಅದಕ್ಕೆ ಪ್ರೀತಿಯ ಹೆಸರು ಇಟ್ಟು ಅವಮಾನ ಮಾಡುತ್ತಿರಲಿಲ್ಲ.

ಇನ್ನೊಂದು ಮಾತು, 'ಒಮ್ಮೆ ಮಾತ್ರ ಉಟ್ಟದ್ದು.' ಈ 'ಒಮ್ಮೆ' ಎಷ್ಟು ಉದ್ದ ಎಂಬುದು ನನ್ನ ಮಗನ ಸ್ವೆಟರಿನಿಂದ ಗೊತ್ತಾಯಿತು. ಕಾಗವಾಡದ ಕಡೆಯ ಯಾರೋ ಮಾರಿದ್ದು. 'ಒಮ್ಮೆ ಹಾಕಿದ್ದು' ಎಂದು ಬರೆದಿದ್ದರು. ಬಂದಾಗ ಮೊಣಕೈ ತವೆಯ ಹಾಗೆ ಹೊಳೆಯುತ್ತಿತ್ತು, ಜೇಬಿನ ತುಂಬ ತಂಬಾಕಿನ ಪುಡಿ. ಮಗ ಅದನ್ನು ಹಾಕಿಕೊಂಡು ಇಡೀ ಚಳಿಗಾಲ ಸೀನಿದ. ಅವರು ಸುಳ್ಳು ಬರೆದಿರಲಿಕ್ಕಿಲ್ಲ. ಆ ಮನುಷ್ಯ ಮದುವೆಯಾದಾಗ ಒಮ್ಮೆ ಹಾಕಿಕೊಂಡಿರಬೇಕು, ಮೊಮ್ಮಗ ಹುಟ್ಟಿದಾಗ ತೆಗೆದಿರಬೇಕು.

ಮಾರುವವರದು ಈ ಕಥೆಯಾದರೆ ಕೊಳ್ಳುವವರದು ಪುರಾಣ. ರಾಯಬಾಗದ ಒಬ್ಬಳು ಒಂದು ಸಾದಾ ಸೀರೆಗೆ ಬೆಳಗಿನಿಂದ ಸಂಜೆಯವರೆಗೆ ಫೋಟೋ ಕೇಳಿದಳು. ಸೆರಗು ತೋರಿಸಿ, ಅಂಚು ತೋರಿಸಿ, ಬಿಸಿಲಲ್ಲಿ ತೋರಿಸಿ, ನೆರಳಲ್ಲಿ ತೋರಿಸಿ. ನನ್ನನ್ನು ನೋಡಲು ಬಂದಿದ್ದ ಬೀಗರು ಕೂಡ ಇಷ್ಟು ಹೊರಳಿಸಿ ನೋಡಿರಲಿಲ್ಲ. ಅವರು ಅವಲಕ್ಕಿ ತಿಂದು ಹೂಂ ಅಂದು ಎದ್ದು ಹೋಗಿದ್ದರು. ಇವಳು ಎಲ್ಲ ನೋಡಿ ಕೊನೆಗೆ ಕೇಳಿದಳು, "ಇದರಾಗ ಬ್ಯಾರೆ ಬಣ್ಣ ಇಲ್ಲೇನ್ರಿ?"

"ಉಟ್ಟ ಸೀರಿ ಐತಿ ಬೇ. ಬ್ಯಾರೆ ಬಣ್ಣ ಬೇಕಂದ್ರ ಸೊಸೀನ ಬ್ಯಾರೆ ತರಬೇಕಾಗ್ತೈತಿ," ಎಂದೆ. ಆ ಗಿರಾಕಿ ಹೋಯಿತು. ಸುವರ್ಣಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಅಥಣಿಯ ಒಬ್ಬಳಂತೂ ಜರಿಯ ಸೀರೆ ತರಿಸಿಕೊಂಡು, 'ಬಣ್ಣ ಫೋಟೋದಲ್ಲಿದ್ದಂತೆ ಇಲ್ಲ' ಎಂದು ವಾರದ ಮೇಲೆ ವಾಪಸು ಕಳಿಸಿದಳು. ಬಿಚ್ಚಿ ಕೊಡವಿದರೆ ನಿರಿಗೆಯ ಸಂದಿಯಿಂದ ಅಕ್ಷತೆಕಾಳು ಉದುರಿದವು. ಯಾರದೋ ಮದುವೆ ಮುಗಿಸಿಕೊಂಡು ಬಂದ ಸೀರೆ! ನಾನು ಅಷ್ಟಕ್ಕೇ ಸುಮ್ಮನಾಗದೆ ಫೋನು ಹಚ್ಚಿ, "ಮದುವಿ ಛಂದ ಆತೇನ?" ಎಂದು ಕೇಳಿದೆ. ಆಕೆ ಗ್ರೂಪಿನಲ್ಲಿ 'ಚಿಕ್ಕೋಡಿಯವರ ಮಾಲೂ ಸರಿಯಿಲ್ಲ, ಬಾಯಿಯೂ ಸರಿಯಿಲ್ಲ' ಎಂದು ಬರೆದಳು. ಗ್ರೂಪು ನಡೆಸುವ ಹೆಣ್ಣುಮಗಳು ಸುವರ್ಣಾಳಿಗೆ ತಾಕೀತು ಮಾಡಿದಳು: ಇನ್ನೊಂದು ತಕರಾರು ಬಂದರೆ ಹೊರಗೆ ಹಾಕುತ್ತೇನೆ. ಪಾಪ, ಸುವರ್ಣಾಳ ಮುಖ ಸಣ್ಣದಾಯಿತು. ನೌಕರಿ ಬಿಟ್ಟರೆ ಮನೆಯ ಹೊರಗೆ ಅವಳೇ ಕಟ್ಟಿಕೊಂಡ ವ್ಯವಹಾರ ಅದೊಂದೇ.

ಹಿಂದೆ ಎಲ್ಲ ಚೊಲೋ ಇತ್ತು ಎಂದು ನಾನು ಹೇಳುತ್ತೇನೆ ಅಂದುಕೊಂಡಿದ್ದರೆ ತಪ್ಪು. ಹಳೆಯ ಅರಿವೆಗೆ ಸ್ಟೀಲಿನ ಪಾತ್ರೆ-ಭಾಂಡೆ ಕೊಡುವವಳು ಓಣಿಗೆ ಬರುತ್ತಿದ್ದಳು. ಸೀರೆಯನ್ನು ಬಿಸಿಲಿಗೆ ಹಿಡಿದು, ತೂತಿನಲ್ಲಿ ಬೆರಳು ತೂರಿಸಿ, "ಇದು ಸೀರಿ ಅಲ್ಲಕ್ಕಾ, ಜರಡಿ" ಅನ್ನುತ್ತಿದ್ದಳು. ನಾವು ಅವಳ ಡಬರಿಯನ್ನು ಬಾರಿಸಿ ನೋಡಿ, "ಇದೇನು ಹಪ್ಪಳಾ?" ಅನ್ನುತ್ತಿದ್ದೆವು. ಅವಳ ಡಬರಿಗೆ ತಳ ನಿಲ್ಲುತ್ತಿರಲಿಲ್ಲ, ನಮ್ಮ ಸೀರೆಗೆ ಅಂಚು ನಿಲ್ಲುತ್ತಿರಲಿಲ್ಲ. ಮೋಸ ಆಗಲೂ ಇತ್ತು. ಆದರೆ ಎದುರಿಗೆ ಕೂತು, ಬೈದುಕೊಂಡು, ಒಂದು ವಾಟಿ ಚಹಾ ಕುಡಿದು ಮೋಸ ಮಾಡುತ್ತಿದ್ದೆವು.

ಹಾಗೆ ನೋಡಿದರೆ ಉಟ್ಟ ಅರಿವೆಯೆಂದು ಮೂಗು ಮುರಿಯುವ ಹಕ್ಕು ಯಾರಿಗೂ ಇಲ್ಲ. ಹುಟ್ಟಿದ ಕೂಸನ್ನು ಮೊದಲು ಸುತ್ತುವುದೇ ಅಜ್ಜಿಯ ಹಳೆಯ ಸೀರೆಯಲ್ಲಿ; ಮೆತ್ತಗಿರುತ್ತದೆ, ಮೈ ಗೀರುವುದಿಲ್ಲ. ಹಚ್ಚ ಹೊಸದನ್ನು ಮರೆಯದೆ ಹೊದಿಸುವುದು ಸತ್ತ ದಿನ. ಬದುಕಿದ್ದಾಗ ಹರಕು ಸೆರಗು ಹೊತ್ತು ತಿರುಗಿದವಳಿಗೂ ಆ ದಿನ ಹೊಸದು ಬರುತ್ತದೆ. ಇನ್ನು ಆಹೇರಿನ ಸೀರೆಗಳ ಮಾತು ಕೇಳಲೇಬೇಡಿ. ಮದುವೆಯಲ್ಲಿ ಉಡುಗೊರೆಯಾಗಿ ಬರುವ ಅವನ್ನು ಯಾರೂ ಉಡುವುದಿಲ್ಲ. ನಿಪ್ಪಾಣಿಯ ಮದುವೆಯಲ್ಲಿ ಬಂದದ್ದು ಅಕ್ಕೋಳದ ಮದುವೆಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ಊರಿಗೆ. ಕೊನೆಗೆ ಒಂದು ದಿನ ಕೊಟ್ಟವಳ ಮನೆಗೇ ಬಂದು, "ಅರಾಮ ಅದೀಯೇನ ಅಕ್ಕಾ?" ಅನ್ನುತ್ತದೆ. ಇಡೀ ಸೀಮೆಯಲ್ಲಿ ನಿಜವಾಗಿ ಘಡಿ ಮುರಿಯದ ಸೀರೆಗಳು ಎಂದರೆ ಅವೇ. ಅವಕ್ಕೆ ಪಾಪ, ಮೈ ಎಂದರೇನೆಂದೇ ಗೊತ್ತಿಲ್ಲ.

ಘಡಿ ಎಂದರೆ ಮಡಿಕೆ. ಹೊಸ ಸೀರೆಯನ್ನು ಮೊದಲ ಸಲ ಬಿಚ್ಚಿ ಉಡುವುದಕ್ಕೆ ನಮ್ಮ ಕಡೆ ಘಡಿ ಮುರಿಯುವುದು ಅನ್ನುತ್ತೇವೆ. ತನ್ನ ಹೊಸ ಸೀರೆಯ ಘಡಿಯನ್ನು ತಾನೇ ಮುರಿಯದೆ ಬೇಕಾದವರ ಕೈಗೆ ಕೊಡುವ ರೂಢಿಯೂ ಉಂಟು. ಮುರಿದವರ ಗುಣ ಸೀರೆಗೆ ಹತ್ತುತ್ತದಂತೆ. ಗಡಿಬಿಡಿಯವಳು ಮುರಿದರೆ ಬೇಗ ಹರಿಯುತ್ತದೆ, ಗಟ್ಟಿಯವಳು ಮುರಿದರೆ ಬಾಳಿಕೆ ಬರುತ್ತದೆ. ಸುವರ್ಣಾ ಒಂದು ಹಸಿರು ರೇಶ್ಮೆ ಸೀರೆ ತಂದಾಗ ನನ್ನ ಮುಂದೆ ಇಟ್ಟಳು. ನಾನು ಗಂಡ ಸತ್ತವಳು. ಹಸಿರು ಸೀರೆಯ ಘಡಿಯನ್ನು ನನ್ನಂಥವಳ ಕೈಗೆ ಯಾರೂ ಕೊಡುವುದಿಲ್ಲ. ಹಾಗೆಂದೇ ಹೇಳಿದೆ. "ನಿಮ್ಮಷ್ಟ ಗಟ್ಟಿ ಮುತ್ತೈದಿನ್ನ ನಾ ಎಲ್ಲಿ ಹುಡಕ್ಲಿರಿ, ಅತ್ತಿ? ಉಡ್ರಿ ಸುಮ್ನ," ಎಂದಳು. ಉಟ್ಟು, ಹಿತ್ತಲಿಗೆ ಹೋಗಿ ಬಂದು, ಮಡಚಿ ಕೊಟ್ಟೆ. ಆಮೇಲೆ ಕನ್ನಡಿಯ ಮುಂದೆ ಅವಳಿಗೆ ಆ ಬಣ್ಣ ಒಪ್ಪಲಿಲ್ಲ. ಸೀರೆ ಕಪಾಟು ಸೇರಿತು. ಈಗ ಗ್ರೂಪಿನಲ್ಲಿ ಹಾಕಿದಳು. ಕೆಳಗೆ ಬರೆದಳು: 'ಘಡಿ ಮುರಿದಿಲ್ಲ.'

"ನಾ ಮುರದೇನಲ್ಲ ಬೇ?" ಎಂದೆ.

"ನೀವು ಉಟ್ಟಿದ್ದು ಲೆಕ್ಕಕ್ಕ ಬರೂದಿಲ್ರಿ."

"ನಾನ ಲೆಕ್ಕಕ್ಕಿಲ್ಲಂತ ಹೇಳಿಬಿಡಲ್ಲ!"

ಅವಳು ನಕ್ಕು ಆಫೀಸಿಗೆ ಹೋದಳು. ಸೀರೆಯನ್ನು ತೆಲಸಂಗದ ಒಬ್ಬ ಹೆಣ್ಣುಮಗಳು ಕೂಡಲೇ ಹಿಡಿದಳು. ಮಗಳ ಕುಬಸಕ್ಕಂತೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಶುಭಕಾರ್ಯ. ಪಾರ್ಸಲ್ ಕಟ್ಟಿ ಇಟ್ಟಿದ್ದೆವು. ಕಳಿಸುವ ಹಿಂದಿನ ಮಧ್ಯಾಹ್ನ ಫೋನು ಬಂತು.

"ಸುವರ್ಣಾ ಮೇಡಮ್ಮಾರೇನ್ರಿ?"

"ಅಕಿ ಅತ್ತಿ. ಏನಾಗಬೇಕಿತ್ತು?"

"ನಾ ತೆಲಸಂಗದಿಂದ್ರಿ, ಆಯೀ. ಹಸರ ಸೀರಿ ಹಿಡದೇನಲ್ರಿ, ಅದಕ್ಕ ಫೋನ್ ಹಚ್ಚಿದ್ದೆ. ಒಂದ ಮಾತ ಕೇಳ್ತೀನಿ, ಸಿಟ್ಟ ಆಗಬ್ಯಾಡ್ರಿ."

ಸಿಟ್ಟಾಗಬೇಡಿ ಎಂದು ಶುರುಮಾಡುವವರನ್ನು ಕಂಡರೆ ನನಗೆ ಮೊದಲೇ ಸಿಟ್ಟು.

"ಘಡಿ ಮುರದಿಲ್ಲಂತ ಬರದೀರಿ. ಖರೇನ ಮುರದಿಲ್ಲೇನ್ರಿ? ಮುತ್ತೈದೇರು ಮುರದಿದ್ರ ನಡೀತೈತ್ರಿ, ಹಂಗೇನಿಲ್ಲ. ಹಿಂದಿನ ಸಲ ನನ್ನ ಮಗಳದ ನಿಲ್ಲಲಿಲ್ರಿ. ಹೊಟ್ಯಾಗ ಹೋತು. ಅದಕ್ಕ ಕೇಳಾಕತ್ತೇನಿ."

ಕಲಿಸಿಕೊಟ್ಟ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಒಂದು 'ಹೌದ್ರಿ' ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಖರೆ ಹೇಳಿದರೆ ಆಕೆ ಸೀರೆ ಬೇಡ ಅನ್ನುತ್ತಾಳೆ, ಗ್ರೂಪಿನಲ್ಲಿ ಮೋಸ ಎಂದು ಬರೆಯುತ್ತಾಳೆ, ಸುವರ್ಣಾಳನ್ನು ಹೊರಗೆ ಹಾಕುತ್ತಾರೆ. ನನಗೆ ಅಪಶಕುನದ ಅಂಜಿಕೆಯೇನೂ ಇಲ್ಲ. ನನ್ನ ಗಂಡ ಸತ್ತದ್ದು ಅವನ ಜಡ್ಡಿನಿಂದ, ನನ್ನ ಸೀರೆಯಿಂದಲ್ಲ. ಆದರೆ ಅಂಜಿಕೆ ನನಗಿಲ್ಲದಿದ್ದರೇನು, ಆಕೆಗಿತ್ತಲ್ಲ. ಒಮ್ಮೆ ಕಳೆದುಕೊಂಡ ಮನೆಗೆ ಸುಳ್ಳನ್ನು ಮಡಚಿ ಪಾರ್ಸಲ್ ಮಾಡುವುದು ನನ್ನಿಂದಾಗಲಿಲ್ಲ. ಅಲ್ಲದೆ ನಾನು ಉಟ್ಟದ್ದು ಲೆಕ್ಕಕ್ಕಿಲ್ಲ ಎಂದು ನನ್ನ ಬಾಯಿಂದಲೇ ನಾನು ಯಾಕೆ ಹೇಳಲಿ?

"ಮುರದೈತಿ. ನಾನ ಮುರದೇನಿ," ಎಂದೆ.

"ಚೊಲೊ ಆತ್ ಬಿಡ್ರಿ, ಹಿರೇರ ಅದೀರಿ." ಆಮೇಲೆ ಬೆಣ್ಣೆಯಂಥ ದನಿಯಲ್ಲಿ ಕೇಳಿದಳು, "ಮನ್ಯಾಗ ಅಜ್ಜಾರು ಅರಾಮ ಅದಾರಲ್ರಿ?"

ನೀನು ವಿಧವೆಯೇನು ಎಂದು ಕೇಳುವುದಕ್ಕೆ ಎಂಥ ಮರ್ಯಾದೆಯ ದಾರಿ ನೋಡಿ!

"ಬಾಳ ಅರಾಮ ಅದಾರ. ಗ್ವಾಡಿ ಮ್ಯಾಲೆ ಅದಾರ. ಹಾರ ಹಾಕೇವಿ."

ಆ ಕಡೆ ಕುಕ್ಕರು ಸೀಟಿ ಹೊಡೆದದ್ದು ಕೇಳಿಸಿತು. ಆಮೇಲೆ ಗುಸುಗುಸು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದರೆ ಮುದುಕಿಗೆ ಕೇಳುವುದಿಲ್ಲ ಅಂದುಕೊಂಡಿದ್ದಳೇನೋ. "ಗಂಡ ಇಲ್ಲದಾಕಿ ಉಟ್ಟಾಳಂತ... ನೀ ಏನಂತಿ?" ಮಗಳು ಏನೆಂದಳೋ ತಿಳಿಯಲಿಲ್ಲ. ಆಕೆ ಬೇಡ ಅಂದರೆ ಹೇಳಬೇಕಾದ ಮಾತುಗಳನ್ನು ನಾನು ಬಾಯಲ್ಲಿ ಸಾಣೆ ಹಿಡಿಯುತ್ತಿದ್ದೆ.

"ಆಯೀ," ಎಂದಳು ಆಕೆ ಕೊನೆಗೆ, "ಹಂಗಾದ್ರ ಒಂದ ಸ್ವಲ್ಪ ಕಮ್ಮಿ ಮಾಡ್ರಲ್ಲ."

ಸಾಣೆ ಹಿಡಿದ ಮಾತೆಲ್ಲ ಬಾಯಲ್ಲೇ ಉಳಿಯಿತು. ಸಂತೆಯಲ್ಲಿ ಹುಳುಕು ಬದನೇಕಾಯಿ ಎತ್ತಿ ತೋರಿಸಿ ದರ ಇಳಿಸುವ ಹಾಗೆ ನನ್ನ ವೈಧವ್ಯವನ್ನು ಎತ್ತಿ ತೋರಿಸಿ ದರ ಇಳಿಸುತ್ತಿದ್ದಾಳೆ! ಇಷ್ಟು ವರ್ಷ ಶುಭಕಾರ್ಯದಲ್ಲಿ ಹಿಂದೆ ಸರಿದು ನಿಂತಿದ್ದೇನೆ. ಈ ಅಪಶಕುನವನ್ನು ಚೌಕಾಸಿ ಮಾಡಿ ಇಳಿಸಬಹುದೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಯಾವತ್ತೋ ಮುಂದಿನ ಸಾಲಿಗೆ ಬಂದು ಕೂತಿರುತ್ತಿದ್ದೆ.

"ಕಮ್ಮಿ ಯಾಕ ಬೇ? ಹೆಚ್ಚಿಗಿ ಕೊಡು," ಎಂದೆ. "ಹಡದದ್ದೆಲ್ಲಾ ಉಳಿಸ್ಕೊಂಡಾಕಿ ನಾನು. ಮೊಮ್ಮಕ್ಕಳ ಕಂಡೇನಿ, ಇನ್ನೂ ಹುರದ ಕಡ್ಲಿ ಕಡೀತೀನಿ. ನಾ ಮುರದ ಘಡಿ ಸ್ವಸ್ತಾ ಸಿಗೂದಿಲ್ಲ. ಬೇಕಂದ್ರ ತಗೋ, ಬ್ಯಾಡಂದ್ರ ಬಿಡು."

ಹಿಂದಿನಿಂದ ಎಳೆಯ ದನಿಯೊಂದು ಗೊಳ್ಳನೆ ನಕ್ಕಿತು. "ಯವ್ವಾ, ತಗೋ ಬೇ! ನನಗ ಆ ಆಯಿ ಉಟ್ಟಿದ್ದ ಸೀರೀನ ಬೇಕು," ಎಂದಿತು. ತಾಯಿ ಅಷ್ಟಕ್ಕೂ ಸೋಲದೆ, "ಆತ್ ಬಿಡ್ರಿ, ಹಂಗಾರ ಕೊರಿಯರ್ ಖರ್ಚ ನಿಮ್ಮದ," ಎಂದು ಫೋನು ಇಟ್ಟಳು.

ಸಂಜೆ ಎಲ್ಲವನ್ನೂ ಹೇಳಿದಾಗ ಸುವರ್ಣಾ ಮೊದಲು ತಲೆಯ ಮೇಲೆ ಕೈ ಹೊತ್ತಳು, ಆಮೇಲೆ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ, ಕೊರಿಯರ್ ಖರ್ಚಿನಲ್ಲಿ ಸೋತದ್ದು ಮನಸ್ಸಿಗೆ ಹತ್ತಿತ್ತು. ಆದರೆ ಆ ಬಸುರಿ ಹುಡುಗಿಯ ಚಿಂತೆ ನನಗೆ ಅಂದೇ ಹರಿಯಿತು. ಕೇಡು ಬಾಗಿಲಿಗೆ ಬಂದರೂ ಕೈ ಹಿಡಿದು ಜಗ್ಗಿ, ಸ್ವಲ್ಪ ಕಮ್ಮಿ ಮಾಡು ಎಂದು ಜಗಳಕ್ಕೆ ನಿಲ್ಲುವ ತಾಯಿ ಮನೆಯಲ್ಲಿದ್ದಾಳೆ. ಅಂಥ ಹೊಸ್ತಿಲನ್ನು ದಾಟಿ ಒಳಗೆ ಹೋಗುವಷ್ಟು ವ್ಯವಧಾನ ಯಾವ ಕೇಡಿಗಿದೆ?