ಗೋದಾಮಿನ ಅತಿ ಬಿಸಿ ಜಾಗ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸಿನಲ್ಲಿ, ಮನೀಷಾ ಕಣ್ಣು ಮುಚ್ಚಿಕೊಂಡು ಇಂಗ್ಲಿಷಿನ ಹತ್ತು ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದಳು. ‘ದಿಸ್ ಈಸ್ ದಿ ಕ್ಲೀನೆಸ್ಟ್ ರೂಮ್. ದಿಸ್ ಈಸ್ ದಿ ಸೇಫೆಸ್ಟ್ ಡೋರ್.’ ಆರನೆಯದಕ್ಕೆ ಬಂದಾಗಲೆಲ್ಲ ನಾಲ್ಕನೆಯದೇ ನಾಲಗೆಗೆ ಬರುತ್ತಿತ್ತು.

ಹುಡಗಿ ಎಂಬ ಹಳ್ಳಿಯ ಕೂಲಿಕಾರರ ಮನೆಯ ಮಗಳು ಆಕೆ. ಪಿಯುಸಿ ತನಕ ಕನ್ನಡದಲ್ಲೇ ಓದಿ, ಬಸವಕಲ್ಯಾಣಕ್ಕೆ ಮದುವೆಯಾಗಿ ಬಂದವಳು. ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಐದು ವರ್ಷ ಡ್ರಮ್ಮುಗಳಿಗೆ ಚೀಟಿ ಅಂಟಿಸಿದ ಮೇಲೆ, ಹೋದ ವರ್ಷ ಕಚ್ಚಾಮಾಲಿನ ಗೋದಾಮು ಆಕೆಯ ಕೈಗೆ ಬಂದಿತ್ತು. ಷರತ್ತು ಒಂದೇ. ಪರದೇಶದ ಖರೀದಿದಾರರು ತಪಾಸಣೆಗೆ ಬಂದಾಗ ಗೋದಾಮು ನೋಡಿಕೊಳ್ಳುವವರೇ ಉತ್ತರ ಹೇಳಬೇಕು. ಹೇಳಲಾಗದಿದ್ದರೆ ಮತ್ತೆ ಚೀಟಿಯ ಮೇಜು. ತಪಾಸಣೆ ಅವತ್ತೇ ಇತ್ತು.

“ಏನು ಮಂತ್ರ ಹೇಳಾಕತ್ತೀ?” ಪಕ್ಕದಲ್ಲಿದ್ದ ನೂರೀನ್ ಕೇಳಿದಳು. ಅದೇ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಆಕೆ ಕೆಮಿಸ್ಟ್. ಇಬ್ಬರದೂ ದಿನಾ ಒಂದೇ ಬಸ್ಸು; ಮನೀಷಾ ಆಕೆಯನ್ನು ಅಕ್ಕನೆಂಬಂತೆ ‘ಆಪಾ’ ಎನ್ನುತ್ತಿದ್ದಳು.

“ಮಚ್ಚೇಂದ್ರ ಸರ್ ಬರದ್ ಕೊಟ್ಟಾರ ಆಪಾ. ಎಲ್ಲಾ ‘ದಿ ಬೆಸ್ಟ್’ ಅನ್ನೂವೇ ಅವ.”

“ಹಂಗಾರ ನಂದೊಂದು ಸವಾಲ್. ಈ ಬಸ್ಸಿನ್ಯಾಗ ಟಾಲೆಸ್ಟ್ ಯಾರು?”

ಮನೀಷಾ ತಲೆ ಬಗ್ಗಿಸಿ ನಿಂತಿದ್ದ ಒಬ್ಬನನ್ನು ಕಣ್ಣಲ್ಲೇ ತೋರಿಸಿದಳು.

“ಕುಂತವರನ್ನ ಅಳದೀಯೇನ? ಆ ಕಿಟಕಿ ಕಡೀ ಮುತ್ಯಾ ಎದ್ದು ನಿಂತ್ರ ಛತ್ತಿಗೆ ತಲಿ ಹತ್ತತದ ನೋಡು. ಎಲ್ಲಾರ್ನೂ ನೋಡದ ‘ದಿ ಟಾಲೆಸ್ಟ್’ ಅನ್ನಾಕ ಬರಂಗಿಲ್ಲವಾ.”

ಮನೀಷಾ ನಕ್ಕಳು. ಮತ್ತೆ ಕಣ್ಣು ಮುಚ್ಚಿ ಮೊದಲ ವಾಕ್ಯದಿಂದ ಶುರು ಮಾಡಿದಳು.

ನೂರೀನ್ ಹೇಳಿದ ಕೆಲಸವನ್ನು ಅವಳು ಗೋದಾಮಿನಲ್ಲಿ ಆಗಲೇ ಮಾಡಿದ್ದಳು. ಆ ಕೋಣೆ ಇಪ್ಪತ್ತೈದು ಡಿಗ್ರಿ ದಾಟಬಾರದು. ಗೋಡೆಯ ಮೇಲೆ ಒಂದೇ ಥರ್ಮಾಮೀಟರು, ಅದೂ ಏಸಿಯ ಎದುರಿಗೆ. ಏಪ್ರಿಲಿನಲ್ಲಿ ಒಂದು ದಿನ ಬಾಗಿಲ ಹತ್ತಿರದ ಮೇಲಿನ ಅಟ್ಟಣಿಗೆಯಲ್ಲಿದ್ದ ಡ್ರಮ್ಮಿಗೆ ಅಂಗೈ ತಾಗಿದಾಗ ಅದು ಉಳಿದವುಗಳಿಗಿಂತ ಬೆಚ್ಚಗಿತ್ತು. ಅಂದಿನಿಂದ ಅವಳು ಇನ್ನೊಂದು ಥರ್ಮಾಮೀಟರು ಹಿಡಿದು ಕೋಣೆಯ ಒಂಬತ್ತು ಕಡೆ, ಒಂದೊಂದು ಕಡೆ ಹತ್ತು ನಿಮಿಷ ಇಟ್ಟು, ಓದಿ ಬರೆದಿಡತೊಡಗಿದಳು. ಯಾರೂ ಹೇಳಿರಲಿಲ್ಲ. ನಲವತ್ತು ದಿನದ ಲೆಕ್ಕ ರಿಜಿಸ್ಟರಿನ ಕೊನೆಯ ಹಾಳೆಗಳಲ್ಲಿತ್ತು.

ಮೇಲ್ವಿಚಾರಕ ಮಚ್ಚೇಂದ್ರ ಅದನ್ನು ನೋಡಿ ಹೌಹಾರಿದ್ದ. “ಇದನ್ನ ತೋರಸಬ್ಯಾಡವಾ. ಮನೀಗೆ ಬೀಗರು ಬಂದ್ರ ಮುರದ ಕುರ್ಚಿ ಮುಂದ ಹಾಕ್ತಾರೇನು? ಬಂದವರ ಮುಂದ ಎಲ್ಲಾ ಚಲೋ ಅದ ಅನಬೇಕು, ಚಹಾ ಕುಡಿಸಿ ಕಳಸಬೇಕು.” ಕೆಟ್ಟವನಲ್ಲ ಮಚ್ಚೇಂದ್ರ. ಅವನ ಹತ್ತೂ ವಾಕ್ಯ ಬೀಗರ ಉಪಚಾರದಂತೆಯೇ ಇದ್ದವು.

ತಪಾಸಣೆಗೆ ಬಂದ ಹೆಂಗಸು ನರೆಗೂದಲಿನವಳು, ಮೆಲುದನಿಯವಳು. ಹನ್ನೊಂದರ ಸುಮಾರಿಗೆ ಗೋದಾಮಿನ ಬಾಗಿಲಲ್ಲಿ ಬೂಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಳ್ಳುತ್ತಲೇ ಮೊದಲ ಪ್ರಶ್ನೆ ಕೇಳಿದಳು: ಹುಮನಾಬಾದಿನಲ್ಲಿ ತಿನ್ನಲು ಬೆಸ್ಟ್ ಏನು?

ಹತ್ತು ವಾಕ್ಯದಲ್ಲಿ ಇದು ಇರಲಿಲ್ಲ. ಮನೀಷಾ “ದಿ ಕ್ಲೀನೆಸ್ಟ್…” ಎಂದು ಶುರು ಮಾಡಿ ನಿಂತಳು. ಹಿಂದೆ ಮಚ್ಚೇಂದ್ರ ಕೆಮ್ಮಿದ. ಆಮೇಲೆ ಅವಳಿಗೇ ನಗು ಬಂತು. “ಮೇಡಂ, ಐ ಈಟ್ ಓನ್ಲಿ ಟಿಫಿನ್ ಬಾಕ್ಸ್. ಸೋ ಐ ಡೋಂಟ್ ನೋ ದಿ ಬೆಸ್ಟ್.”

ಆ ಹೆಂಗಸು ಗಟ್ಟಿಯಾಗಿ ನಕ್ಕಳು. ಒಳಗೆ ಬಂದು ಗೋಡೆಯ ಥರ್ಮಾಮೀಟರು ನೋಡಿ, ಏಸಿ ನೋಡಿ, ಸಾವಕಾಶವಾಗಿ ಕೇಳಿದಳು: “ವಿಚ್ ಈಸ್ ದಿ ಹಾಟೆಸ್ಟ್ ಪ್ಲೇಸ್ ಇನ್ ದಿಸ್ ರೂಮ್?”

ಮಚ್ಚೇಂದ್ರ ಮುಂದೆ ಬಂದ. “ನೋ ಹಾಟೆಸ್ಟ್, ಮೇಡಂ. ಆಲ್ ಕೂಲ್.”

ಆಕೆ ಅವನತ್ತ ನೋಡಲಿಲ್ಲ. ಮನೀಷಾಳ ಮುಖವನ್ನೇ ನೋಡುತ್ತ ನಿಂತಳು. ‘ಆಲ್ ಕೂಲ್’ ಅಂದರೆ ಮೇಲಿನವರ ಮರ್ಯಾದೆ ಉಳಿಯುತ್ತದೆ. ಇದ್ದದ್ದು ಹೇಳಿದರೆ ನಾಳೆ ಚೀಟಿಯ ಮೇಜೇ ಇರಬಹುದು. ಆದರೆ ಒಂಬತ್ತೂ ಕಡೆ ಅಳೆದವಳಿಗೆ ಒಂದು ಗೊತ್ತಿತ್ತು: ಎಂಥ ತಣ್ಣನೆಯ ಕೋಣೆಯಲ್ಲೂ ಯಾವುದೋ ಒಂದು ಜಾಗ ಉಳಿದವಕ್ಕಿಂತ ಬಿಸಿ ಇದ್ದೇ ಇರುತ್ತದೆ. ಅವಳು ಕೈ ಎತ್ತಿ ತೋರಿಸಿದಳು.

“ದಟ್ ಒನ್. ಟಾಪ್ ರ್‍ಯಾಕ್, ನಿಯರ್ ಡೋರ್. ದಿ ಕೋಲ್ಡೆಸ್ಟ್ ಈಸ್ ಹಿಯರ್, ಅಂಡರ್ ಏಸಿ.” ರಿಜಿಸ್ಟರಿನ ಕೊನೆಯ ಹಾಳೆ ತೆರೆದಳು. ಅದನ್ನು ಆಕೆಯ ಮುಂದೆ ಹಿಡಿದಳು.

ಹೆಂಗಸು ಹಾಳೆ ಓದಿದಳು. ಬಳಿಕ ತನ್ನ ಚೀಲದಿಂದ ಮೀಟರು ತೆಗೆದು, ಏಣಿ ಹತ್ತಿ, ಅದನ್ನು ಅಟ್ಟಣಿಗೆಯ ಮೇಲಿಟ್ಟು ಕೈಗಡಿಯಾರ ನೋಡುತ್ತ ನಿಂತಳು. ಹತ್ತು ನಿಮಿಷ ಕಳೆಯಬೇಕಿತ್ತು. ಏಸಿಯ ಗಾಳಿಯಲ್ಲೂ ಮಚ್ಚೇಂದ್ರ ಹಣೆಯ ಬೆವರು ಒರೆಸಿಕೊಂಡ.

ಮೀಟರು ಇಪ್ಪತ್ನಾಲ್ಕು ಪಾಯಿಂಟ್ ಆರು ತೋರಿಸಿತು. ಆ ಬೆಳಿಗ್ಗೆ ಮನೀಷಾ ಬರೆದದ್ದು ಇಪ್ಪತ್ನಾಲ್ಕು ಪಾಯಿಂಟ್ ಐದು. ಇಪ್ಪತ್ತೈದರೊಳಗೇ.

“ಗುಡ್,” ಎಂದಳು ಹೆಂಗಸು. ಏಣಿಯಿಂದ ಇಳಿದು, ಈ ವಾರ ನೋಡಿದ ಗೋದಾಮುಗಳಲ್ಲಿ ‘ಇಲ್ಲಿ ಬಿಸಿ ಜಾಗವೇ ಇಲ್ಲ’ ಎಂದವರೇ ಹೆಚ್ಚು, ಅಳೆದವರು ನೀನೊಬ್ಬಳೇ ಎಂದಳು. ಮಾತೆಲ್ಲ ಮನೀಷಾಳಿಗೆ ತಿಳಿಯಲಿಲ್ಲ. ‘ಓನ್ಲಿ ಯು’ ತಿಳಿಯಿತು. ಹಸಿವಾಗುತ್ತಿದೆ ಎಂಬುದೂ ಆಗಲೇ ಗೊತ್ತಾಯಿತು. ಬೆಳಿಗ್ಗೆ ರೊಟ್ಟಿ ಮುಟ್ಟಿರಲಿಲ್ಲ.

ಊಟದ ಹೊತ್ತಿಗೆ ಮಚ್ಚೇಂದ್ರ ತಾನೇ ಚಹಾ ಹಿಡಿದು ಬಂದ. “ಜೀವಾನ ತಗದಿದ್ದೆಲ್ಲವಾ ನೀ!”

“ನಂದೂ ಹೋಗಿತ್ರಿ, ಸರ.”

“ಗೋದಾಮು ನಿನ್ನ ಕೈಯಾಗ ಇರಲಿ ಅಂದಾರ ಮ್ಯಾನೇಜರ್ ಸಾಹೇಬ್ರು. ಇನ್ಮ್ಯಾಲ ಬೀಗರು ಬಂದ್ರ ಮುರದ ಕುರ್ಚಿ ನೀನ ತೋರಸು, ನಾ ಸುಮ್ಮ ಕುಂದರ್ತೀನಿ.”

ತಿನ್ನುವ ಪ್ರಶ್ನೆಯ ಕಥೆ ಆಗಲೇ ಕೇಳಿದ್ದ ನೂರೀನ್ ಬುತ್ತಿಯ ಮುಚ್ಚಳದಲ್ಲಿ ಅರ್ಧ ಶೇಂಗಾ ಹೋಳಿಗೆ ಇಟ್ಟು ಮುಂದೆ ನೂಕಿದಳು. “ತಿನ್ನು. ನಾಳಿ ಆಕಿ ಮತ್ತ ಕೇಳಿದ್ರ, ಬೆಸ್ಟ್ ಯಾವುದಂತ ಹೇಳಾಕ ಒಂದಾದ್ರೂ ತಿಂದಿರಬೇಕಲ್ಲ!” ಮೂವರೂ ನಕ್ಕರು. ಮನೀಷಾ ನಗುತ್ತಲೇ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು.

ಎರಡು ತಿಂಗಳ ನಂತರ ಮ್ಯಾನೇಜರು ಅವಳನ್ನು ಹೊಸ ಗೋದಾಮಿಗೆ ಕರೆದೊಯ್ದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹಳೆಯದರ ಮೂರು ಪಟ್ಟು ದೊಡ್ಡದು, ಎತ್ತರವೂ ಹೆಚ್ಚು.

“ಇಲ್ಲಿ ಎಷ್ಟು ಕಡೆ ಅಳೀಬೇಕು, ಮನೀಷಾ? ಒಂಬತ್ತು ಸಾಕಲ್ಲ?”

ಅವಳು ಮೂಲೆ ಮೂಲೆಗೂ ನಡೆದು ನಿಂತಳು. ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿದಳು. ಕೆಳಗೆ ಒಂಬತ್ತು, ನಡುವೆ ಒಂಬತ್ತು, ಸೂರಿನ ಹತ್ತಿರ ಒಂಬತ್ತು ಎಂದು ಬೆರಳಲ್ಲಿ ಎಣಿಸಿದಳು. ತಿರುಗಿ ಬಂದು, ಖಾಲಿ ಗೋದಾಮು ಮೊಳಗುವಷ್ಟು ಗಟ್ಟಿಯಾಗಿ ಹೇಳಿದಳು:

“ಇಪ್ಪತ್ತೇಳ್ರಿ.”