ತೊಕ್ಕಿನ ನೆವದಲ್ಲಿ ಸವಣೂರು

ಅರವತ್ತರ ದಶಕದ ಶುರುವಿನ ಮಾತು. ಮದುವೆಯಾಗಿ ಹಾನಗಲ್ಲಿಗೆ ಬಂದು ಎರಡು ವರ್ಷವಾಗಿತ್ತು. ದೀಪಾವಳಿ ಮುಗಿದು ಮಳೆ ಹಿಂದೆ ಸರಿದು, ದಾರಿಗಳು ಒಣಗಿದ್ದವು. ನನಗೋ ಊರು ನೋಡುವ ಹುಚ್ಚು. ಆದರೆ ನಮ್ಮ ಮಾವನವರ ಕಾನೂನಿನಲ್ಲಿ ಹೆಂಗಸರು ಬಸ್ಸು ಹತ್ತಬೇಕೆಂದರೆ ಯಾರಾದರೂ ಮದುವೆಯಾಗಬೇಕು, ಇಲ್ಲವೇ ಸಾಯಬೇಕು. "ಬರೇ ನೋಡಾಕಂತ ಯಾರರ ಹೋಗ್ತಾರೇನು? ನೋಡೂದಿದ್ರ ಹಿತ್ತಲ ನೋಡ್ರಿ" ಎನ್ನುತ್ತಿದ್ದರು. ಎರಡು ವರ್ಷ ಹಿತ್ತಲನ್ನೇ ನೋಡಿದ್ದೆ. ಸಾಕಾಗಿಹೋಗಿತ್ತು!

ತವರೂರು ಹಿರೇಕೆರೂರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಮ್ಮ ಅಕ್ಕೋರು ಸವಣೂರಿನ ದೊಡ್ಡ ಹುಣಸೆ ಮರಗಳ ಸುದ್ದಿ ಹೇಳಿದ್ದರು. ಹೆಸರಷ್ಟೇ ಹುಣಸೆ, ಜಾತಿ ಬೇರೆಯೇ, ಆಫ್ರಿಕಾ ಕಡೆಯದು. ಹತ್ತು ಮಂದಿ ಕೈಕೈ ಹಿಡಿದರೂ ತಬ್ಬಲಾಗದಂತೆ. ಅಂದಿನಿಂದ ಆ ಮರ ನನ್ನ ತಲೆಯೊಳಗೆ ಕೂತಿತ್ತು. ಆ ವಾರ ಅತ್ತೆ ವರ್ಷದ ತೊಕ್ಕು ಕುಟ್ಟಲು ಒಳ್ಳೆಯ ಹಸಿ ಹುಣಸೆಕಾಯಿ ಸಿಗದೆ ಪೇಚಾಡುತ್ತಿದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಅತ್ತಿ, ಸವಣೂರಾಗ ದೊಡ್ಡ ಹುಣಸಿ ಗಿಡ ಅದಾವಂತ್ರಿ."

"ದೊಡ್ಡವು ಅಂದ್ರ?"

"ಒಂದೊಂದ ಕಾಯಿ ಸೋರಿಕಾಯಿಯಷ್ಟ ಇರ್ತಾವಂತ್ರಿ."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಕ್ಕೋರು ಹೇಳಿದ ಉಳಿದ ಮಾತನ್ನು ನುಂಗಿಕೊಂಡೆ, ಅಷ್ಟೆ. ತೊಕ್ಕೆಂದರೆ ಜೀವ ಬಿಡುವ ಮಾವ ಮರುಮಾತಿಲ್ಲದೆ ಹೂಂ ಅಂದರು. ಗಂಡನ ಜೊತೆ ಹೋಗುತ್ತೇನೆಂದು ಹಿಗ್ಗುತ್ತಿದ್ದರೆ, ಅತ್ತೆ ಎರಡು ಗೋಣಿಚೀಲ, ಬಾಯಿ ಕಟ್ಟಲು ಉದ್ದನೆಯ ಹಗ್ಗ, ರೊಟ್ಟಿ ಗಂಟು ಹಿಡಿದು ತಾವೇ ಹೊರಟು ನಿಂತರು. ಅಯ್ಯೋ ನನ್ನ ಹಣೆಬರಹವೇ!

ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ನನಗೆ ಒಂದೇ ಚಿಂತೆ. ಗುಟ್ಟು ರಟ್ಟಾದರೆ ಊರು ನೋಡುವುದಿರಲಿ, ತವರಿಗೂ ಬಿಡಲಿಕ್ಕಿಲ್ಲ. ಅತ್ತೆಯೋ, ಪಕ್ಕದಲ್ಲಿ ಕೂತ ಹೆಂಗಸಿಗೆ ತೊಕ್ಕಿಗೆ ಮೆಂತ್ಯ ಎಷ್ಟು, ಇಂಗು ಎಷ್ಟು ಎಂದು ಸವಣೂರು ಬರುವವರೆಗೂ ಪಾಠ ಹೇಳಿದರು.

ಮರದ ಕೆಳಗೆ ನಿಂತು ಅವರು ತಲೆ ಎತ್ತಿದಾಗ ಸೆರಗು ಜಾರಿ ಹೆಗಲಿಗೆ ಬಂತು.

"ಇದ್ಯಾವ ಹುಣಸಿಲೇ? ಎಲಿ ಅಂಗೈ ಹಂಗ ಅದಾವು!"

ಬಿದ್ದಿದ್ದ ಒಂದು ಕಾಯಿಯನ್ನು ಕಲ್ಲಿನಿಂದ ಒಡೆದು ನಾಲಿಗೆಗೆ ಹಚ್ಚಿ, ಥೂ ಎಂದು ಉಗಿದರು. ಆಮೇಲೆ ನನ್ನ ಮುಖ ನೋಡಿದರು.

"ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ರಿ ಅತ್ತಿ."

"ಎಂಥಾ ಕಳ್ಳಿ ಅದೀಯವ್ವಾ!"

ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಅವರು ಹಗ್ಗದ ಒಂದು ತುದಿ ನನ್ನ ಕೈಗೆ ತುರುಕಿ, "ಗಟ್ಟ್ಯಾಗಿ ಹಿಡಕೋ" ಎಂದು ಇನ್ನೊಂದು ತುದಿ ಹಿಡಿದು ಮರ ಸುತ್ತಲು ಹೋದರು. ತುಸು ಹೊತ್ತು ಕಾಣಲೇ ಇಲ್ಲ. ಆಮೇಲೆ ಆಚೆಯಿಂದ ಕೂಗಿದರು:

"ಹಗ್ಗ ಮುಗೀತ, ಗಿಡ ಮುಗೀವಲ್ದು!"

ನಗುತ್ತಿದ್ದರು! ಆ ಮನೆಯಲ್ಲಿ ಅವರು ಹಾಗೆ ಗಟ್ಟಿಯಾಗಿ ನಕ್ಕದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನನಗೆ ಖುಷಿಗೆ ಕಣ್ಣು ತುಂಬಿತು. ಅಲ್ಲೇ ಕೂತು ರೊಟ್ಟಿ ತಿಂದೆವು. ಕೊನೆಯ ಬಸ್ಸಿನ ನೆನಪು ಮಾಡಿದರೂ ಅತ್ತೆ ಏಳಲೊಲ್ಲರು.

ಮನೆಗೆ ಬಂದಾಗ ಮಾವ ಕಟ್ಟೆಯ ಮೇಲೆ ಕಾಯುತ್ತಿದ್ದರು. "ಹುಣಸಿ ಎಲ್ಲಿ?"

ಅತ್ತೆ ಕಾಲು ತೊಳೆಯುತ್ತ, ತಿರುಗಿಯೂ ನೋಡದೆ ಹೇಳಿದರು:

"ಇನ್ನೂ ಭಾಳ ಎಳೇವ ಅದಾವ್ರಿ. ಮುಂದಿನ ತಿಂಗಳ ನಾವಿಬ್ರೂ ಮತ್ತೊಮ್ಮೆ ಹೋಗಿ ನೋಡ್ಕೊಂಡ ಬರಬೇಕ್ರಿ."