ಕಾಫಿ ಎಳೆದ ಕಾಲು

ಆಗೆಲ್ಲ ಕಣದಲ್ಲಿ ಹರಡಿದ ಕಾಫಿಯನ್ನು ಕಾಲಿನಿಂದಲೇ ತಿರುವುತ್ತಿದ್ದೆವು. ಪಾದ ನೆಲ ಬಿಡದಂತೆ ಎಳೆಯುತ್ತಾ ಹೋದರೆ ಸಾಲು ಬೀಳುತ್ತಿತ್ತು, ಅಡಿಯ ಹಣ್ಣು ಮೇಲೆ ಬರುತ್ತಿತ್ತು. ಬೆಳಗೋಡು ಸುತ್ತಿನ ಎಸ್ಟೇಟ್ ಲೈನುಮನೆಗಳಲ್ಲಿ ಬೆಳೆದವರಿಗೆ ಆ ಹುಳಿ ವಾಸನೆ, ಸಂಜೆ ಉರಿಯುತ್ತಿದ್ದ ಅಂಗಾಲು ನೆನಪಿರಬೇಕು.

ಆ ಬೇಸಿಗೆ ಕಾಫಿಯ ಲೋಡೆಲ್ಲ ಹೋಗಿ ಸ್ಟೋರ್ ಖಾಲಿಯಾಗಿತ್ತು. ಸಣ್ಣ ಸಾಹುಕಾರರ ಹೆಂಡತಿ ಲೈನಿನ ಮಕ್ಕಳನ್ನು ಅಲ್ಲಿಗೆ ಕರೆದರು. ನಾವು ಅವರನ್ನು ಚಿಕ್ಕಮ್ಮಾವ್ರು ಎನ್ನುತ್ತಿದ್ದೆವು. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಬ್ಯಾಲೆ ಎಂಬ ವಿದೇಶಿ ಕುಣಿತ ಕಲಿತವರು. ಸ್ಟೋರಿನ ಹಲಗೆ ನೆಲ ಕಂಡು ಕಲಿಸುವ ಆಸೆಯಾಯಿತಂತೆ. ಎಸ್ಟೇಟಿನ ಬಡಗಿಯಾಗಿದ್ದ ಅಪ್ಪ, ನಾವು ಹಿಡಿದು ನಿಲ್ಲಲು ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಸಿಲ್ವರ್ ಓಕಿನ ಗಳ ಹೊಡೆದುಕೊಟ್ಟ.

ಕುಣಿತ ಅಂದರೆ ಹಾರುವುದು ಅಂದುಕೊಂಡಿದ್ದೆವು. ವಾರಗಟ್ಟಲೆ ಕಳೆದರೂ ಗಳ ಬಿಡಲು ಅಪ್ಪಣೆಯಿಲ್ಲ. ಹಿಮ್ಮಡಿ ಸೇರಿಸಿ ಪಾದ ಹೊರಕ್ಕೆ ತಿರುಗಿಸಬೇಕು, ಮಂಡಿ ಬಗ್ಗಿಸಿ ಏಳಬೇಕು, ಅಷ್ಟೇ. ತಪ್ಪಿದರೆ ಚಿಕ್ಕಮ್ಮಾವ್ರು ಬೈಯುತ್ತಿರಲಿಲ್ಲ. ಎರಡು ಬೆರಳಿನಿಂದ ಮಂಡಿಯನ್ನು ಹೊರಕ್ಕೆ ಒತ್ತುತ್ತಿದ್ದರು. ಅವರ ಗುರುಗಳೂ ಹಾಗೇ ಒತ್ತುತ್ತಿದ್ದರಂತೆ, ಆ ಗುರುಗಳಿಗೆ ಅವರ ಗುರುಗಳು.

ಅಪ್ಪ ನಗುತ್ತಿದ್ದ. "ಕುಣಿಯೋದು ಯಾವಾಗ ಮಾರಾಯ? ಕೂತು ಏಳೋದು ಕಲಿಯೋಕೆ ಸ್ಟೋರಿಗೆ ಹೋಗ್ಬೇಕಾ? ನಿಮ್ಮವ್ವ ಒಲೆ ಮುಂದೆ ದಿನಾ ಅದ್ನೇ ಮಾಡ್ತಾಳೆ ಕಣೋ!"

ಒಂದು ದಿನ ಚಿಕ್ಕಮ್ಮಾವ್ರು, ಬೆರಳ ತುದಿ ನೆಲ ಬಿಡದಂತೆ ಪಾದ ಮುಂದಕ್ಕೆ ಜಾರಿಸಿ ಎಂದರು. ಯಾರಿಗೂ ಬರಲಿಲ್ಲ. ನನ್ನಕ್ಕ ಸರೋಜ, "ಇದು ಕಾಫಿ ಎಳ್ದಂಗೆ ಅಲ್ವಾ ಅಮ್ಮಾವ್ರೇ?" ಎಂದು ಎಳೆದೇಬಿಟ್ಟಳು. ಚಿಕ್ಕಮ್ಮಾವ್ರು ಅವಳ ಪಾದವನ್ನೇ ನೋಡಿದರು. "ಇನ್ನೊಂದ್ಸಲ ಮಾಡು" ಎಂದರು. ಅಂದಿನಿಂದ ಪಾಠದಲ್ಲಿ ಅದರ ಹೆಸರೇ ಕಾಫಿ ಎಳೆಯುವುದು.

ತಮ್ಮ ಗುರುಗಳನ್ನೇ ಕರೆಸುತ್ತೇನೆ, ಒಪ್ಪಿದರೆ ಅಕ್ಕ ಅವರ ಮನೆಯಲ್ಲೇ ಇದ್ದು ಕಲಿಯಬಹುದು ಎಂದು ಚಿಕ್ಕಮ್ಮಾವ್ರು ಹೇಳಿದರು. ಆಮೇಲೆ ಅಕ್ಕ ನೀರು ಹೊರುವಾಗಲೂ ಪಾದ ಹೊರಕ್ಕಿಟ್ಟೇ ನಡೆದಳು. ಒಲೆ ಮುಂದೆ ತುದಿಗಾಲಲ್ಲಿ ನಿಂತರೆ ಅವ್ವನ ಕೂಗು: "ನೆಟ್ಟಗೆ ನಿಂತ್ಕಳೇ, ರೊಟ್ಟಿ ಸೀದೋಯ್ತು!"

ಹೂಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನ ಘಮವಿದ್ದಾಗ ಗುರುಗಳು ಬಂದರು. ತಲೆ ನರೆತ ಸಣ್ಣ ಹೆಂಗಸು. ಅವರ ಪದ್ಧತಿಯಲ್ಲಿ ಕುಣಿತಕ್ಕಿಂತ ಮೊದಲು ಮೈ ನೋಡುತ್ತಾರಂತೆ. ನಮ್ಮನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿ, ಪಾದ ಜೋಡಿಸಿ, ಮಂಡಿ ಅಗಲಿಸಿದರು. ಅಕ್ಕನ ಮಂಡಿ ಅರ್ಧಕ್ಕೇ ನಿಂತಿತು. ಅವಳು ತುಟಿ ಕಚ್ಚಿ ತಾನೇ ಒತ್ತಿದಳು. ಇಳಿಯಲಿಲ್ಲ. ಪಕ್ಕದಲ್ಲಿ ನನ್ನವು ಕಪ್ಪೆಯ ಕಾಲಿನಂತೆ ನೆಲ ಮುಟ್ಟಿದವು. ನನಗೆ ತಾಳದ ಗಂಧವೂ ಇರಲಿಲ್ಲ. ಚಿಕ್ಕಮ್ಮಾವ್ರು ಕೊಡುತ್ತಿದ್ದ ಬಿಸ್ಕತ್ತಿಗೆ ಹೋಗುತ್ತಿದ್ದವನು.

ಗುರುಗಳು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಚಿಕ್ಕಮ್ಮಾವ್ರು ತಲೆ ತಗ್ಗಿಸಿ ಕನ್ನಡದಲ್ಲಿ ಹೇಳಿದರು: "ನಿನ್ನ ಪಾದ ತುಂಬಾ ಚೆನ್ನಾಗಿದೆಯಂತೆ ಸರೋಜ. ಆದ್ರೆ ಸೊಂಟದ ಮೂಳೆ ಬಲಿತುಬಿಟ್ಟಿದೆ. ಚಿಕ್ಕೋಳಿದ್ದಾಗಲೇ ಶುರು ಮಾಡ್ಬೇಕಿತ್ತಂತೆ. ತಮ್ಮನ್ನ ಬೇಕಾದ್ರೆ ಕಳಿಸಿ ಅಂತಾರೆ."

"ದಿನಾ ಎಳೀತೀನಿ ಅಮ್ಮಾವ್ರೇ. ಆಗ್ಲೂ ಸರಿ ಹೋಗಲ್ವಾ?"

ನಾನು "ನಾ ಹೋಗಲ್ಲ" ಎಂದು ಅಳತೊಡಗಿದೆ. ಎಂಥ ಮುರಿದ ಬಾಗಿಲನ್ನೂ ಸರಿ ಮಾಡುತ್ತಿದ್ದ ಅಪ್ಪ, ಕೈಯಲ್ಲಿ ಟವೆಲು ಹಿಡಿದು ಮಗಳ ಕಾಲು ನೋಡುತ್ತಾ ಬಾಗಿಲಲ್ಲೇ ನಿಂತಿದ್ದ.

ನಾನು ಹೋಗಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲೂ ಬಿಟ್ಟೆ. ಮೂಟೆ ಹೊತ್ತೆ, ಮರ ಹತ್ತಿದೆ, ನನ್ನದೇ ಒಂದಿಷ್ಟು ತೋಟ ಮಾಡಿದೆ. ಯಾವ ಕೆಲಸಕ್ಕೂ ಆಗಲ್ಲ ಅಂದವನಲ್ಲ. ಚಿಕ್ಕಮ್ಮಾವ್ರು ಊರು ಬಿಟ್ಟರು. ಆ ಸ್ಟೋರ್ ಈಗ ಹೋಂಸ್ಟೇ. ಹಲಗೆ ಕಿತ್ತು ಟೈಲ್ಸ್ ಹಾಕಿದ್ದಾರೆ. ಅಪ್ಪನ ಗಳದ ಮೇಲೆ ಗೆಸ್ಟುಗಳ ಟವೆಲುಗಳು ಒಣಗುತ್ತವೆ.

ಹೋದ ಸುಗ್ಗಿಯಲ್ಲಿ ಅಕ್ಕ ನನ್ನ ಕಣಕ್ಕೆ ಬಂದಿದ್ದಳು. ಮರದ ಗೋರೆ ಕೊಟ್ಟರೆ ಬೇಡವೆಂದು ಕಾಲಲ್ಲೇ ತಿರುವಿದಳು. ಇಷ್ಟು ವರ್ಷ ಬಾಯಿಗೆ ಬಂದು ನಿಂತಿದ್ದ ಮಾತು ಆಡಿಯೇಬಿಟ್ಟೆ: "ಅಕ್ಕ, ನನ್ನ ಸೊಂಟ ನಿಂಗಿರಬೇಕಿತ್ತು."

"ಬಿಚ್ಚಿ ಕೊಡೋಕೆ ಅದೇನು ಬಾಗಿಲ ಕೀಲೇನೋ? ಸುಮ್ನೆ ಎಳಿ, ಬಿಸ್ಲು ಹೋಗ್ತೈತೆ" ಎಂದಳು.

ಸಾಲಿನ ಕೊನೆಯಲ್ಲಿ ಅವಳ ಪಾದ ಹೊರಕ್ಕೆ ತಿರುಗಿತು, ಬೆರಳ ತುದಿ ನೆಲ ಬಿಡದೆ. ಅದು ತಾನಾಗಿ ಎಷ್ಟು ತಿರುಗುತ್ತಿತ್ತೋ ಅಷ್ಟೇ.